ಜಿಂದರ್ ಮಹಲ್ ಚಾಂಪಿಯನ್ ಆದ್ಮೇಲೆ ಕೆರಿಯರ್ ಯಾಕೆ ಅಲ್ಲೇ ನಿಂತೋಯ್ತು?

ರಿಂಗ್‌ಸೈಡ್_ರಘು

ಗುರುಗಳೇ, ಹಳೇ ವಿಷ್ಯ ಕೆದಕ್ತಾ ಇದೀನಿ, ಬೈಬೇಡಿ. 2017ರ ಬ್ಯಾಕ್‌ಲ್ಯಾಶ್ ಶೋನಲ್ಲಿ ಭಾರತೀಯ ಮೂಲದ ಕುಸ್ತಿಪಟು ಜಿಂದರ್ ಮಹಲ್ ರ‍್ಯಾಂಡಿ ಆರ್ಟನ್‌ನ ಸೋಲಿಸಿ ಡಬ್ಲ್ಯೂಡಬ್ಲ್ಯೂಇ ಚಾಂಪಿಯನ್ ಆಗಿದ್ದು ಎಲ್ರಿಗೂ ನೆನಪಿರತ್ತೆ. ನಮ್ಗೆ ಅದು ಸೋಮವಾರ ಬೆಳಗ್ಗೆ, ಎದ್ದು ಫೋನ್ ನೋಡಿದ್ರೆ ಎಲ್ಲಾ ಕಡೆ ಅದೇ ಫೋಟೋ, ಯಾರೋ ಎಡಿಟ್ ಮಾಡಿ ತಮಾಷೆ ಮಾಡ್ತಿದಾರೆ ಅಂದ್ಕೊಂಡೋರೂ ಇದ್ರು. ಯಾಕಂದ್ರೆ ಅದಕ್ಕೆ ಏಳು ವಾರ ಮುಂಚೆ, ಏಪ್ರಿಲ್ 2ಕ್ಕೆ, ಕಂಪನಿಯ ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾ 33ರ ಬ್ಯಾಟಲ್ ರಾಯಲ್‌ನಲ್ಲಿ (ರಿಂಗಿಂದ ಹೊರಗೆ ಬಿದ್ದೋರು ಔಟ್, ಕೊನೆಗೆ ಉಳಿದೋನು ಗೆದ್ದಂಗೆ) ಇದೇ ಜಿಂದರ್‌ಗೆ ರಾಬ್ ಗ್ರಾಂಕೌಸ್ಕಿ ಅನ್ನೋ ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ರೇಕ್ಷಕರ ಸೀಟಿಂದ ಎದ್ದು ಬಂದು ಗುದ್ದಿ ಬೀಳಿಸಿದ್ದ, ಆಮೇಲೆ ಮೋಜೋ ರಾಲಿ ಇವನನ್ನ ಕೊನೆಯವನಾಗಿ ಹೊರಗೆ ಎಸೆದು ಗೆದ್ದಿದ್ದ. ಅಂಥವನು ಮೇ 21ಕ್ಕೆ ಕಂಪನಿಯ ದೊಡ್ಡ ಬೆಲ್ಟ್ ಹೆಗಲ ಮೇಲೆ ಹಾಕ್ಕೊಂಡು ನಿಂತಿದ್ದಾನೆ. ಆ ಬೆಲ್ಟ್ ಗೆದ್ದ 50ನೇ ವ್ಯಕ್ತಿ ಬೇರೆ.

170 ದಿನ ಇಟ್ಕೊಂಡಿದ್ದ. ಆಮೇಲೆ? 2018ರಲ್ಲಿ "ಶಾಂತಿ ಶಾಂತಿ" ಅಂತ ಧ್ಯಾನ ಮಾಡೋ ಕಾಮಿಡಿ ಪಾತ್ರ, 2019ಕ್ಕೆ ಆರ್-ಟ್ರೂತ್ ಅನ್ನೋ ಕುಸ್ತಿಪಟು ಹಿಂದೆ, ಯಾವಾಗ ಎಲ್ಲಿ ಬೇಕಾದ್ರೂ ಗೆಲ್ಲಬಹುದಾಗಿದ್ದ 24/7 ಬೆಲ್ಟ್‌ಗೋಸ್ಕರ ಗಾಲ್ಫ್ ಮೈದಾನ, ಏರ್‌ಪೋರ್ಟ್ ಅಂತ ಓಡಾಟ, 2024ರ ಏಪ್ರಿಲ್‌ನಲ್ಲಿ ಕೆಲಸದಿಂದಾನೇ ತೆಗೆದ್ರು. ದೊಡ್ಡ ಬೆಲ್ಟ್ ಗೆದ್ದೋನು ಸಾಮಾನ್ಯವಾಗಿ ಸೋತ ಮೇಲೂ ಆ ಲೆವೆಲ್‌ನಲ್ಲೇ ಇರ್ತಾನೆ, ಇವನು ಮಾತ್ರ ಹೋದ ದಾರೀಲೇ ವಾಪಸ್ ಇಳಿದ. ಯಾಕೆ? "ಬುಕಿಂಗ್ ಸರಿ ಇರ್ಲಿಲ್ಲ" (ಬುಕಿಂಗ್ ಅಂದ್ರೆ ಯಾರು ಗೆಲ್ಬೇಕು, ಕಥೆ ಹೆಂಗೆ ಹೋಗ್ಬೇಕು ಅಂತ ಕಂಪನಿ ಮೊದ್ಲೇ ಬರೆಯೋದು) ಅಂತ ಒಂದೇ ಸಾಲಲ್ಲಿ ಮುಗಿಸ್ಬೇಡಿ, ಎಲ್ಲಿ ಸರಿ ಇರ್ಲಿಲ್ಲ ಅಂತ ಹೇಳಿ. "ಇಂಡಿಯನ್ ಅಂತ ತುಳಿದ್ರು" ಅನ್ನೋದೂ ಬೇಡ, ಅವನು ಹುಟ್ಟಿ ಬೆಳೆದಿದ್ದು ಕೆನಡಾದ ಕ್ಯಾಲ್ಗರಿ, ಮತ್ತೆ ಬೆಲ್ಟ್ ಕೊಟ್ಟಿದ್ದೂ ಅದೇ ಇಂಡಿಯಾ ಕನೆಕ್ಷನ್ ನೋಡಿ ತಾನೇ.

ಕೆಫೇಬ್_ಕುಮಾರ

ಒಳ್ಳೆ ಪ್ರಶ್ನೆ ರಘು. ನನ್ ಪ್ರಕಾರ ಉತ್ತರ ಸಿಗೋದು ಬ್ಯಾಕ್‌ಲ್ಯಾಶ್ ಆದ್ಮೇಲಲ್ಲ, ಅದಕ್ಕಿಂತ ಆರು ವರ್ಷ ಹಿಂದೆ ಹೋಗ್ಬೇಕು.

2011ರಲ್ಲಿ ಟಿವಿಗೆ ಬಂದಾಗ ಅವನು ಗ್ರೇಟ್ ಖಲಿಯ ಭಾವ ಅನ್ನೋ ಕಥೆ. ಅದು ಎಲ್ಲೂ ಹೋಗ್ಲಿಲ್ಲ. 2012ರಿಂದ ಹೀತ್ ಸ್ಲೇಟರ್, ಡ್ರೂ ಮ್ಯಾಕಿಂಟೈರ್ ಜೊತೆ 3ಎಂಬಿ ಅನ್ನೋ ಬ್ಯಾಂಡ್ ವೇಷದ ಟೀಮ್, ಗಿಟಾರ್ ಬಾರಿಸೋ ತರ ಆಕ್ಷನ್ ಮಾಡ್ತಾ ಬರೋದು, ಒದೆ ತಿನ್ನೋದು, ಹೋಗೋದು. 2014ರ ಜೂನ್‌ನಲ್ಲಿ ತೆಗೆದ್ರು. 2016ರಲ್ಲಿ ವಾಪಸ್ ಕರೆದ್ರು, ಅದೂ ಬೇರೆಯವ್ರನ್ನ ಚೆನ್ನಾಗಿ ಕಾಣ್ಸೋಕೆ ಸೋಲೋ ಕೆಲ್ಸಕ್ಕೆ. ಈ ಮಧ್ಯೆ ಅವನು ಕುಡಿಯೋದು ಬಿಟ್ಟು, ಊಟ ಕಂಟ್ರೋಲ್ ಮಾಡಿ ದೇಹ ಹೆಂಗೆ ಮಾಡ್ಕೊಂಡ ಅಂದ್ರೆ ಹಳೇ ಜಿಂದರ್ ಪಕ್ಕ ನಿಲ್ಸಿದ್ರೆ ಅಣ್ಣ ತಮ್ಮ ಅನ್ಬೇಕು ಅಷ್ಟೆ. ಆ ಶ್ರಮಕ್ಕೆ ನನ್ ಕಡೆಯಿಂದ ಪೂರ್ತಿ ಮರ್ಯಾದೆ ಇದೆ. ಆದ್ರೆ ನೋಡೋ ಜನಕ್ಕೆ ವರ್ಷಗಟ್ಟಲೆ ಕಂಪನಿನೇ ಕಲಿಸಿರೋ ಪಾಠ ಏನು, ಈ ಮನುಷ್ಯ ಬಂದ ಅಂದ್ರೆ ಸೋಲ್ತಾನೆ, ಅಷ್ಟೇ.

ಈಗ ಆ ಪಾಠ ಅಳಿಸೋಕೆ ಎಷ್ಟು ಟೈಮ್ ತಗೊಂಡ್ರು ನೋಡಿ. ಏಪ್ರಿಲ್ ಎರಡನೇ ವಾರ ರಾ ಇಂದ ಸ್ಮ್ಯಾಕ್‌ಡೌನ್‌ಗೆ (ಎರಡೂ ಕಂಪನಿಯ ವಾರ ವಾರ ಬರೋ ಟಿವಿ ಶೋ) ಹಾಕಿದ್ರು. ಏಪ್ರಿಲ್ 18ಕ್ಕೆ ಆರು ಜನರ ಮ್ಯಾಚ್, ಗೆದ್ದೋನಿಗೆ ಟೈಟಲ್ ಚಾನ್ಸ್. ಅದರಲ್ಲಿದ್ದೋರು ಯಾರು, ಸಾಮಿ ಝೇನ್, ಡಾಲ್ಫ್ ಝಿಗ್ಲರ್, ಮೋಜೋ ರಾಲಿ, ಲ್ಯೂಕ್ ಹಾರ್ಪರ್, ಎರಿಕ್ ರೋವನ್. ಸಿಂಗ್ ಬ್ರದರ್ಸ್ ಅನ್ನೋ ಇಬ್ಬರು ಕುಸ್ತಿಪಟುಗಳು ಅವತ್ತೇ ಮೊದಲ್ನೇ ಸಲ ಬಂದು ಇವನ ಕಡೆ ನಿಂತ್ರು, ಜಿಂದರ್ ಝೇನ್‌ಗೆ ತನ್ನ ಖಲ್ಲಾಸ್ ಅನ್ನೋ ಪಟ್ಟು ಹಾಕಿ ಪಿನ್ ಮಾಡಿದ (ಭುಜ ನೆಲಕ್ಕೆ ಒತ್ತಿ ಮೂರು ಎಣಿಸೋವರೆಗೂ ಹಿಡಿದ). ಅಲ್ಲಿಂದ ಒಂದು ತಿಂಗಳಿಗೆ ಚಾಂಪಿಯನ್. ಮಧ್ಯೆ ಆಗಿದ್ದು ಇಷ್ಟೆ, ಜಿಂದರ್ ಆರ್ಟನ್‌ನ ಬೆಲ್ಟ್ ಕದ್ಕೊಂಡು ಹೋದ, ಪೇಬ್ಯಾಕ್ ಶೋನಲ್ಲಿ ಆರ್ಟನ್ ಬ್ರೇ ವಯಾಟ್ ಜೊತೆ ಆಡ್ತಿರುವಾಗ ಬಂದು ಹೊಡೆದ, ಟಿವಿಯಲ್ಲಿ ಒಂದೆರಡು ಗೆಲುವು.

ಸಾಮಾನ್ಯವಾಗಿ ಒಬ್ಬ ಹೀಲ್‌ನ (ವಿಲನ್ ಪಾತ್ರದವನ) ಮೇಲೆ ತರ್ಬೇಕು ಅಂದ್ರೆ ಮೊದ್ಲು ಮಿಡ್‌ಕಾರ್ಡ್‌ನಲ್ಲಿ (ಮಧ್ಯದ ಲೆವೆಲ್ ಮ್ಯಾಚ್‌ಗಳಲ್ಲಿ) ನಾಲ್ಕು ಜನರನ್ನ ನೆಟ್ಟಗೆ ಹೊಡೆಯೋದು ತೋರಿಸ್ತಾರೆ, ಯಾರಾದ್ರೂ ಜನ ಇಷ್ಟಪಡೋ ಫೇಸ್‌ಗೆ (ಹೀರೋ ಪಾತ್ರದವನಿಗೆ) ಗಾಯ ಮಾಡಿ ಹಗೆ ಬೆಳೆಸ್ತಾರೆ, ಎರಡನೇ ದರ್ಜೆಯ ಯುಎಸ್ ಬೆಲ್ಟ್ ಕೊಟ್ಟು ನೋಡ್ತಾರೆ, ಆಮೇಲೆ ದೊಡ್ಡದು. ಇಲ್ಲಿ ಪಾಸ್ ಸರ್ಟಿಫಿಕೇಟ್ ಕೈಗೆ ಕೊಟ್ಟು ಆಮೇಲೆ ಕ್ಲಾಸ್‌ಗೆ ಸೇರಿಸಿದಂಗಾಯ್ತು. ಯುಎಸ್ ಬೆಲ್ಟ್ ಕೊಟ್ಟಿದ್ದು ಯಾವಾಗ ಗೊತ್ತಾ, 2018ರ ರೆಸಲ್‌ಮೇನಿಯಾ 34ರಲ್ಲಿ! ಅದೂ ಎಂಟೇ ದಿನ, ಏಪ್ರಿಲ್ 16ರ ರಾದಲ್ಲಿ ಜೆಫ್ ಹಾರ್ಡಿ ತಗೊಂಡ.

ಬೂ_ಹೊಡಿ

ಇಷ್ಟೆಲ್ಲಾ ಯಾಕೆ. ಮ್ಯಾಚ್ ಬೋರ್ ಇತ್ತು. ಚಿನ್‌ಲಾಕ್ (ಗದ್ದ ಹಿಡಿದು ಎಳೆಯೋ ಪಟ್ಟು) ಹಾಕ್ಕೊಂಡು ಐದು ನಿಮಿಷ ಕೂರೋನು ಚಾಂಪಿಯನ್ ಆದ್ರೆ ಜನ ಚಾನೆಲ್ ಚೇಂಜ್ ಮಾಡ್ತಾರೆ, ಅಷ್ಟೇ ಕಾರಣ. ನಾಕಾಮುರಾ ತರದವನ ಜೊತೆ ಎರಡು ಪೇ ಪರ್ ವ್ಯೂ (ದುಡ್ಡು ಕೊಟ್ಟು ನೋಡೋ ದೊಡ್ಡ ಶೋ) ಕೊಟ್ರು, ಸಮ್ಮರ್‌ಸ್ಲ್ಯಾಮ್ ಒಂದು ಹೆಲ್ ಇನ್ ಎ ಸೆಲ್ ಒಂದು, ಎರಡೂ ಯಾರಿಗೂ ನೆನಪಿಲ್ಲ. ಇಡೀ ಆರು ತಿಂಗಳಲ್ಲಿ ನೆನಪಿರೋ ಒಂದೇ ವಿಷ್ಯ ಅಂದ್ರೆ ಸಿಂಗ್ ಬ್ರದರ್ಸ್‌ಲ್ಲಿ ಒಬ್ಬ ಪಂಜಾಬಿ ಪ್ರಿಸನ್ ಅನ್ನೋ ಬಿದಿರಿನ ಪಂಜರದ ಮೇಲಿಂದ ಟೇಬಲ್ ಮೇಲೆ ಬಿದ್ದಿದ್ದು, ಅದೂ ಜಿಂದರ್ ಮಾಡಿದ್ದಲ್ಲ.

ಗಟ್ಟಿ_ಪಟ್ಟು

ಏನ್ರೀಪಾ ಬೂ_ಹೊಡಿ ಅವರ, ಬೋರ್ ಅಂತ ಒಂದ ಮಾತಿನ್ಯಾಗ ಮುಗಿಸೇಬಿಟ್ರಿ. ಚಿನ್‌ಲಾಕ್ ಹಾಕಿ ಕುಂತಾವ್ರು ಚಾಂಪಿಯನ್ ಆಗಂಗಿಲ್ಲ ಅಂದ್ರ ಅವನ ಎದುರಿಗೆ ಇದ್ದ ಆರ್ಟನ್‌ನ ಹದಿಮೂರು ಸಲ ಚಾಂಪಿಯನ್ ಯಾಕ ಮಾಡಿದ್ರು ಮತ್ತ? ಆರ್ಟನ್ ಚಿನ್‌ಲಾಕ್ ಹಾಕಿದ್ರ ಅದು ಸೈಕಾಲಜಿ, ಜಿಂದರ್ ಹಾಕಿದ್ರ ಬೋರ್. ಹಂಗ ಆಗಬಾರ್ದು.

ಮ್ಯಾಚ್ ಭಾರಿ ಇದ್ವು ಅಂತ ನಾನೂ ಅನ್ನಂಗಿಲ್ಲ. ಖರೇ ಅಂದ್ರ ಸಾದಾ ಇದ್ವು. ಆದ್ರ ಸಾದಾ ಮ್ಯಾಚ್ ಆಡಿ ದೊಡ್ಡ ಹೀಲ್ ಆದಾವ್ರು ಭಾಳ ಮಂದಿ ಅದಾರ. ತಪ್ಪು ಎಲ್ಲಿ ಆತು ಅಂದ್ರ ಗೆಲುವಿನ ರೀತಿಯೊಳಗ. ನೀವ ನೋಡ್ರಿ. ಬ್ಯಾಕ್‌ಲ್ಯಾಶ್‌ನ್ಯಾಗ ಸಿಂಗ್ ಬ್ರದರ್ಸ್ ಕಾಲು ಎಳದ್ರು, ಆರ್ಟನ್ ಅವ್ರ ಇಬ್ಬರನ್ನೂ ಬಡಿಲಿಕ್ಕೆ ಹೋದ, ಹಿಂದಿಂದ ಬಂದು ಖಲ್ಲಾಸ್. ಛಲೋ ಐತಿ, ಮೊದಲನೇ ಸಲ, ನಡೀತದ. ಜೂನ್ 18ಕ್ಕ ಮನಿ ಇನ್ ದ ಬ್ಯಾಂಕ್ ಶೋ, ಸೇಂಟ್ ಲೂಯಿಸ್, ಆರ್ಟನ್‌ನ ಸ್ವಂತ ಊರು, ಅವ್ರಪ್ಪ ಬಾಬ್ ಆರ್ಟನ್ ಮುಂದಿನ ಸಾಲಿನ್ಯಾಗ ಕುಂತಾರ. ಸಿಂಗ್ ಬ್ರದರ್ಸ್ ಆ ಮುದುಕನ ಮೈಮ್ಯಾಲೆ ಹೋದ್ರು, ಆರ್ಟನ್ ಸಿಟ್ಟಿಗೆದ್ದು ಅವರ ಬೆನ್ನ ಹತ್ತಿದ, ಮತ್ತ ಅದ ಖಲ್ಲಾಸ್. ಜುಲೈ 23ಕ್ಕ ಫಿಲಡೆಲ್ಫಿಯಾ, ಪಂಜಾಬಿ ಪ್ರಿಸನ್, ಈ ಸಲ ಖಲಿ ಬಂದು ಆರ್ಟನ್ ಕುತ್ತಿಗಿ ಹಿಡದ, ಜಿಂದರ್ ಪಂಜರದಿಂದ ಮೊದಲ ಹೊರಗ ಇಳದು ಗೆದ್ದ. ಸಮ್ಮರ್‌ಸ್ಲ್ಯಾಮ್‌ನ್ಯಾಗ ನಾಕಾಮುರಾ, ಮತ್ತ ಸಿಂಗ್ ಬ್ರದರ್ಸ್. ನಡುವ ಬ್ಯಾರನ್ ಕಾರ್ಬಿನ್ ಮನಿ ಇನ್ ದ ಬ್ಯಾಂಕ್ ಬ್ರೀಫ್‌ಕೇಸ್ (ಯಾವಾಗ ಬೇಕಾದ್ರೂ ಟೈಟಲ್ ಮ್ಯಾಚ್ ಕೇಳೋ ಹಕ್ಕು) ತಗೊಂಡು ಬಂದಾಗೂ ಗೆದ್ದಿದ್ದು ಹೆಂಗ? ಜಾನ್ ಸೀನಾ ಕಡೆ ತಿರುಗಿ ನೋಡಿದ ಕಾರ್ಬಿನ್‌ನ ರೋಲ್‌ಅಪ್ ಮಾಡಿ (ದಿಢೀರ್ ಮಡಚಿ ಪಿನ್ ಹಾಕಿ).

ಮೋಸ ಮಾಡಿ ಗೆಲ್ಲೋ ಹೀಲ್ ಇರ್ಬೇಕು, ಅದು ತಪ್ಪಲ್ಲ. ಆದ್ರ ಮೋಸ ಮಾಡಾವನಿಗೆ ಮೋಸ ಬಿಟ್ಟು ಬೇರೆ ಏನರ ಬರ್ತದ ಅಂತ ಒಮ್ಮೆರ ತೋರಸ್ಬೇಕಲ್ರೀ. ಶೇಮಸ್‌ನ ನೆನಪು ಮಾಡ್ಕೋರಿ. ಡಿಸೆಂಬರ್ 2009, ಟಿಎಲ್‌ಸಿ ಶೋ, ಟೇಬಲ್ ಮ್ಯಾಚ್‌ನ್ಯಾಗ ಸೀನಾನ್ನ ಸೋಲಿಸಿ ಚಾಂಪಿಯನ್ ಆದ, ಮೇನ್ ರಾಸ್ಟರ್‌ಗೆ (ಮುಖ್ಯ ತಂಡಕ್ಕ) ಬಂದು ಇನ್ನೂ ವರ್ಷ ಸೈತ ಆಗಿದ್ದಿಲ್ಲ, ಅವನೂ ಹೊರದೇಶದಾವ, ಅವನ ಗೆಲುವೂ ಯಾರೂ ಎಣಿಸಿದ್ದಿಲ್ಲ. ಆದ್ರ ಅವನ್ನ ಒಬ್ಬ ಬಡಿಯೋ ಮನಷ್ಯಾ ಅಂತ ತೋರಿಸಿದ್ರು. ಹಿಂದ ಮಂದಿ ಇಲ್ಲ, ಬಂದ, ಒದ್ದ, ಹೋದ. ಟ್ರಿಪಲ್ ಹೆಚ್‌ನಂಥಾವನ್ನ ಪೈಪ್ ತಗೊಂಡು ಬಡದು ತಿಂಗಳಗಟ್ಟಲೆ ಮನಿಗೆ ಕಳಿಸಿದ. ಅದಕ್ಕ ಬೆಲ್ಟ್ ಹೋದ್ರೂ ಹೆಸರು ಉಳೀತು, 2012ಕ್ಕ ರಾಯಲ್ ರಂಬಲ್ (ಮೂವತ್ತು ಮಂದಿಯ ಬ್ಯಾಟಲ್ ರಾಯಲ್) ಗೆದ್ದ. ಜಿಂದರ್‌ನ ಕಡೆಯಿಂದ ಸಿಂಗ್ ಬ್ರದರ್ಸ್‌ನ ತಗದಬಿಟ್ರ ಉಳಿಯೋದು ಏನು? ನೋಡಾವ್ರಿಗೆ ಗೊತ್ತ ಇರ್ಲಿಲ್ಲ, ಯಾಕಂದ್ರ ಯಾರೂ ತೋರಿಸಿದ್ದಿಲ್ಲ.

ರಿಂಗ್‌ಸೈಡ್_ರಘು

ಗಟ್ಟಿ_ಪಟ್ಟು ಸಾರ್, ಶೇಮಸ್ ಹೋಲಿಕೆ ಸಖತ್. ಒಂದು ಡೌಟು. ಎಲ್ಲಾ ಇಂಡಿಯಾ ಮಾರ್ಕೆಟ್‌ಗೋಸ್ಕರ ಅಂದ್ರು, ಸರಿ ಒಪ್ಕೊಳ್ಳೋಣ. ಹಂಗಿದ್ರೆ ಡಿಸೆಂಬರ್‌ನಲ್ಲಿ ಡೆಲ್ಲಿ ಶೋ ಇತ್ತು, ಅದಕ್ಕೆ ಒಂದು ತಿಂಗಳು ಮುಂಚೆ ಬೆಲ್ಟ್ ಕಿತ್ಕೊಂಡ್ರಲ್ಲ, ಯಾಕೆ? ಯಾವ ಊರಿಗೆ ಅಂತ ಅಡುಗೆ ಮಾಡಿದ್ರೋ ಅಲ್ಲಿಗೇ ಬಡಿಸದೆ ಎತ್ತಿಟ್ರಾ? ನಂಗೆ ಅದೇ ಅರ್ಥ ಆಗಿಲ್ಲ.

ಟಿಕೆಟ್_ಹರಿದವ

ಆ ಡೆಲ್ಲಿ ವಿಷ್ಯಕ್ಕೆ ನಾನ್ ಬರ್ತೀನಿ, ಯಾಕಂದ್ರೆ ಅದರಲ್ಲೇ ಇಡೀ ಕಥೆ ಇದೆ.

ಮೊದ್ಲು ಡಿಸೆಂಬರ್ 8 ಮತ್ತೆ 9, ಎರಡು ದಿನ ಶೋ ಅಂತ ಅನೌನ್ಸ್ ಮಾಡಿದ್ರು, ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ, ಜಿಂದರ್‌ಗೆ ಎದುರು ಕೆವಿನ್ ಓವನ್ಸ್. ಆಮೇಲೆ ಅದು ಒಂದೇ ದಿನ ಆಯ್ತು, ಓವನ್ಸ್ ಜಾಗಕ್ಕೆ ಟ್ರಿಪಲ್ ಹೆಚ್ ಬಂದ. ಇದರ ಅರ್ಥ ಏನು ಅಂತ ಬಿಡಿಸಿ ಹೇಳ್ಬೇಕಾ, ಜಿಂದರ್ ಹೆಸರು ಪೋಸ್ಟರ್ ಮೇಲೆ ಹಾಕಿದ ತಕ್ಷಣ ಟಿಕೆಟ್ ಮುಗಿದೋಗತ್ತೆ ಅನ್ನೋ ಲೆಕ್ಕ ಕೈ ಕೊಡ್ತು. ಇಲ್ಲಿ ರೆಸ್ಲಿಂಗ್ ನೋಡೋರು ಎಷ್ಟೋ ವರ್ಷದಿಂದ ನೋಡ್ತಿರೋದು ಅಂಡರ್‌ಟೇಕರ್, ರಾಕ್, ಸೀನಾ, ಟ್ರಿಪಲ್ ಹೆಚ್‌ನ. ನಮ್ಮ ಮೂಲದವನು ಅನ್ನೋ ಒಂದೇ ಕಾರಣಕ್ಕೆ ಇವರನ್ನೆಲ್ಲಾ ಬಿಟ್ಟು ಜಿಂದರ್‌ಗೆ ಜೈ ಅಂತಾರೆ ಅಂದ್ಕೊಂಡಿದ್ದು ಅಲ್ಲಿ ಆಫೀಸಲ್ಲಿ ಕೂತವರ ಕಲ್ಪನೆ. ಅದರ ಮೇಲೆ ಅವನು ಹೀಲ್! ಅಮೆರಿಕದಲ್ಲಿ ನಿಂತು "ನೀವು ನನ್ನ ದ್ವೇಷ ಮಾಡೋದು ನಾನು ಬೇರೆ ತರ ಇದೀನಿ ಅಂತ" ಅನ್ನೋ ತರದ ಪ್ರೋಮೋ (ಮೈಕ್ ಹಿಡಿದು ಮಾಡೋ ಭಾಷಣ) ಕೊಡಿಸೋದು, ಪಂಜಾಬಿಯಲ್ಲಿ ಮಾತಾಡಿಸಿ ಬೂ ಹಾಕಿಸೋದು, ಅದೇ ಟೈಮಲ್ಲಿ ಇಲ್ಲಿನ ಜನಕ್ಕೆ ಹೀರೋ ಅಂತ ಮಾರೋದು. ಎರಡು ದೋಣಿ ಮೇಲೆ ಕಾಲಿಟ್ಟಿದ್ದು ಅವನಲ್ಲ, ಅವನ ಕಾಲು ಹಿಡ್ಕೊಂಡು ಇಟ್ಟಿದ್ದು ಬರೆಯೋರು.

ಸೆಪ್ಟೆಂಬರ್‌ನಲ್ಲಿ ನಾಕಾಮುರಾ ಮುಖ ಹಂಗಿದೆ ಹಿಂಗಿದೆ ಅಂತ ಜನಾಂಗೀಯ ಜೋಕ್ ಮಾಡ್ಸಿದ್ರಲ್ಲ ನೆನಪಿದೆಯಾ, ರಿಂಗ್ ಸುತ್ತ ಇದ್ದ ಜನಾನೇ "ಇದು ಅತಿಯಾಯ್ತು" ಅಂತ ಒಟ್ಟಿಗೆ ಕೂಗಿದ್ರು. ಅದು ಹೀಲ್‌ಗೆ ಸಿಗೋ ಒಳ್ಳೆ ಹೀಟ್ (ಜನರ ಸಿಟ್ಟು) ಅಲ್ಲ ಸ್ವಾಮಿ. ಅವನು ಸೋಲೋದು ನೋಡ್ಬೇಕು ಅಂತ ದುಡ್ಡು ಕೊಟ್ಟು ಬರೋ ಸಿಟ್ಟು ಬೇರೆ, ಈ ಸೆಗ್ಮೆಂಟ್ ಬೇಗ ಮುಗಿದ್ರೆ ಸಾಕಪ್ಪ ಅನ್ನೋ ಕಸಿವಿಸಿ ಬೇರೆ.

ಈಗ ಬೆಲ್ಟ್ ವಿಷ್ಯ. ಸರ್ವೈವರ್ ಸೀರೀಸ್ ಶೋನಲ್ಲಿ ರಾ ಚಾಂಪಿಯನ್ ವರ್ಸಸ್ ಸ್ಮ್ಯಾಕ್‌ಡೌನ್ ಚಾಂಪಿಯನ್ ಇಡೋ ಪ್ಲಾನ್, ಅಂದ್ರೆ ಬ್ರಾಕ್ ಲೆಸ್ನರ್ ಎದುರು ಜಿಂದರ್. ಜಿಂದರ್ ಟಿವಿಯಲ್ಲಿ ಚಾಲೆಂಜ್ ಕೂಡ ಮಾಡಿದ್ದ. ಆ ಮ್ಯಾಚ್ ಅನೌನ್ಸ್ ಆದಾಗ ಒಬ್ರೂ ಖುಷಿ ಪಟ್ಟಿದ್ದು ನಾನ್ ನೋಡ್ಲಿಲ್ಲ, ಲೆಸ್ನರ್ ಎರಡು ನಿಮಿಷದಲ್ಲಿ ಮುಗಿಸ್ತಾನೆ ಅಂತ ಎಲ್ಲಾರೂ ಬರೆದಿಟ್ಟಿದ್ರು. ನವೆಂಬರ್ 7ಕ್ಕೆ ಮ್ಯಾಂಚೆಸ್ಟರ್‌ನಲ್ಲಿ, ಮಾಮೂಲಿ ಸ್ಮ್ಯಾಕ್‌ಡೌನ್ ಎಪಿಸೋಡ್‌ನಲ್ಲಿ, ಎಜೆ ಸ್ಟೈಲ್ಸ್‌ಗೆ ಬೆಲ್ಟ್ ಕೊಟ್ಬಿಟ್ರು. ಲೆಸ್ನರ್–ಸ್ಟೈಲ್ಸ್ ಮ್ಯಾಚ್ ಹೆಂಗಿತ್ತು ಅಂತ ನೋಡಿದವರಿಗೆ ಗೊತ್ತು. ಆರು ತಿಂಗಳು ಕಟ್ಟಿದ ಚಾಂಪಿಯನ್‌ನ ದೊಡ್ಡ ಮ್ಯಾಚ್ ಎದುರಿಗೆ ಬಂದ ತಕ್ಷಣ ಹನ್ನೆರಡು ದಿನ ಮುಂಚೆ ಬದಲಾಯಿಸಿದ್ರು ಅಂದ್ರೆ, ಕಂಪನಿನೇ ಅವನನ್ನ ಆ ಲೆವೆಲ್‌ನವನು ಅಂತ ನಂಬಿರ್ಲಿಲ್ಲ ಅಂತ ತಾನೇ.

ಡೆಲ್ಲಿಗೆ ಬಂದಾಗ ಬೆಲ್ಟ್ ಇಲ್ಲ, ಸಾಲದ್ದಕ್ಕೆ ಟ್ರಿಪಲ್ ಹೆಚ್ ಎದುರು ಸೋತ. ಅದಾಗಿ ಎಂಟು ದಿನಕ್ಕೆ ಕ್ಲಾಶ್ ಆಫ್ ಚಾಂಪಿಯನ್ಸ್‌ನಲ್ಲಿ ಸ್ಟೈಲ್ಸ್ ಕಾಫ್ ಕ್ರಷರ್ ಅನ್ನೋ ಕಾಲಿನ ಪಟ್ಟು ಹಾಕಿ ಟ್ಯಾಪ್ ಮಾಡಿಸಿದ, ಅಂದ್ರೆ ಸೋಲು ಒಪ್ಪಿಸಿದ. ಮಾರ್ಚ್ 2018ಕ್ಕೆ ಸೌದಿ ಜೊತೆ ಹತ್ತು ವರ್ಷದ ಒಪ್ಪಂದ ಅನೌನ್ಸ್ ಆಯ್ತು, ಏಪ್ರಿಲ್‌ನಲ್ಲಿ ಜೆಡ್ಡಾದಲ್ಲಿ ಗ್ರೇಟೆಸ್ಟ್ ರಾಯಲ್ ರಂಬಲ್. ಹೊರದೇಶ ಅಂದ್ರೆ ಇನ್ಮೇಲೆ ಆ ಕಡೆ, ಅಲ್ಲಿ ಸರ್ಕಾರದ ದುಡ್ಡು ನೇರವಾಗಿ ಬರ್ತಿತ್ತು, ಟಿಕೆಟ್ ಹರಿಯತ್ತೋ ಇಲ್ವೋ ಅನ್ನೋ ಚಿಂತೇನೇ ಇಲ್ಲ. ಜಿಂದರ್‌ಗೆ ಪುಷ್ ಕೊಡೋಕೆ (ಕಂಪನಿ ಅವನನ್ನ ಮೇಲಕ್ಕೆತ್ತೋಕೆ) ಇದ್ದ ಕಾರಣ ರಿಂಗ್ ಹೊರಗಿತ್ತು, ಆ ಕಾರಣ ಹೋದ್ಮೇಲೆ ರಿಂಗ್ ಒಳಗೆ ಹಿಡ್ಕೊಳ್ಳೋಕೆ ಏನೂ ಇರ್ಲಿಲ್ಲ.

ಬೂ_ಹೊಡಿ

ಅಂದ್ರೆ ಸುತ್ತಿ ಬಳಸಿ ನಾನ್ ಹೇಳಿದ್ದಕ್ಕೇ ಬಂದ್ರಿ. ರಿಂಗ್ ಒಳಗೆ ಏನೂ ಇರ್ಲಿಲ್ಲ.

ಕೆಫೇಬ್_ಕುಮಾರ

ಇಲ್ಲ ಗುರು, ವ್ಯತ್ಯಾಸ ಇದೆ. ಅದೇ 3ಎಂಬಿಯಿಂದ, ಅದೇ ದಿನ, 2014ರ ಜೂನ್ 12ಕ್ಕೆ ಕೆಲ್ಸ ಕಳ್ಕೊಂಡ ಇನ್ನೊಬ್ಬ ಇದ್ದ, ಡ್ರೂ ಮ್ಯಾಕಿಂಟೈರ್. ಅವನಿಗಾದ್ರೆ ಇನ್ನೂ ಕಷ್ಟ ಇತ್ತು, 2009ರಲ್ಲಿ ಆಗಿನ ಕಂಪನಿ ಬಾಸ್ ವಿನ್ಸ್ ಮೆಕ್‌ಮಹನ್ ಸ್ವತಃ ರಿಂಗಲ್ಲಿ ನಿಂತು ಇವನೇ ಮುಂದಿನ ಚಾಂಪಿಯನ್ ಅಂತ ಬೆನ್ನು ತಟ್ಟಿದ್ದ, ಅಲ್ಲಿಂದ ಗಿಟಾರ್ ಆಕ್ಷನ್‌ಗೆ ಬಿದ್ದಿದ್ದ. ಹೊರಗೆ ಹೋಗಿ ಸ್ಕಾಟ್ಲೆಂಡ್‌ನ ಐಸಿಡಬ್ಲ್ಯೂ, ಇವಾಲ್ವ್, ಟಿಎನ್‌ಎ ಅನ್ನೋ ಬೇರೆ ಕಂಪನಿಗಳು, ಎಲ್ಲಾ ಕಡೆ ಬೆಲ್ಟ್ ಗೆದ್ದು 2017ರಲ್ಲಿ ವಾಪಸ್ ಬಂದ. ಬಂದಿದ್ದು ನೇರ ಮೇಲಕ್ಕಲ್ಲ, ಹೊಸಬರನ್ನ ತಯಾರು ಮಾಡೋ ಎನ್‌ಎಕ್ಸ್‌ಟಿಗೆ. ಅಲ್ಲಿ ಚಾಂಪಿಯನ್, ಆಮೇಲೆ ರಾದಲ್ಲಿ ಎರಡು ವರ್ಷ ಬರೀ ಬಲ ತೋರಿಸೋ ಕೆಲ್ಸ, 2020ರ ರಂಬಲ್‌ನಲ್ಲಿ ಹದಿಮೂರು ಜನರನ್ನ ಹೊರಗೆ ಎಸೆದಿದ್ದ ಲೆಸ್ನರ್‌ನ ಒಂದು ಕ್ಲೇಮೋರ್ ಕಿಕ್‌ಗೆ ಹೊರಗೆ ಹಾಕಿದ. ರೆಸಲ್‌ಮೇನಿಯಾ 36ರಲ್ಲಿ ಪ್ರೇಕ್ಷಕರೇ ಇಲ್ಲದ ಹಾಲ್‌ನಲ್ಲಿ ಬೆಲ್ಟ್ ಗೆದ್ರೂ ಆ ಗೆಲುವು ನಿಂತಿತು. ಯಾಕಂದ್ರೆ ಅಷ್ಟೊತ್ತಿಗೆ ಜನರ ತಲೇಲಿ 3ಎಂಬಿ ಅಳಿಸಿತ್ತು.

ಇಬ್ರೂ ಒಂದೇ ಟೀಮ್‌ನವರು, ಇಬ್ರೂ ದೇಹ ಬದಲಾಯಿಸ್ಕೊಂಡು ಬಂದವರು. ಒಬ್ಬನಿಗೆ ಮೂರು ವರ್ಷ ಕೊಟ್ರು ಇನ್ನೊಬ್ಬನಿಗೆ ಏಳು ವಾರ. ಡ್ರೂ ಜಾಸ್ತಿ ಟ್ಯಾಲೆಂಟೆಡ್ ಅಂತ ನಾನೂ ಒಪ್ತೀನಿ, ಆದ್ರೆ ಡ್ರೂಗೂ ಏಳೇ ವಾರ ಕೊಟ್ಟಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ.

ಮೂನ್‌ಸಾಲ್ಟ್_ಮೂರ್ತಿ

ಲೇಟಾಗಿ ಬಂದೆ. ನೀವೆಲ್ಲಾ ಗೆಲ್ಲೋ ಮುಂಚೆ ಟೈಮ್ ಬೇಕು ಅಂತ ವಾದ ಮಾಡ್ತಾ ಇದೀರ, ನಾನ್ ಅದನ್ನ ಪೂರ್ತಿ ಒಪ್ಪಲ್ಲ. ಮುಂಚೆ ಏನೂ ಇಲ್ದೆ ಗೆದ್ದು ಬೆಳೆದವರು ಇದಾರೆ. 1993ರ ಮೇ 17, ರಾ, ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್ ಸೆಂಟರ್. ವಾರ ವಾರ ಸೋಲ್ತಿದ್ದ ಒಬ್ಬ ಸಣಕಲ ಹುಡುಗ, ಸರಿಯಾದ ಹೆಸರು ಕೂಡ ಕೊಟ್ಟಿರ್ಲಿಲ್ಲ, ದೊಡ್ಡ ಹೆಸರಿನ ರೇಜರ್ ರಾಮನ್ ಮೇಲೆ ಮೂನ್‌ಸಾಲ್ಟ್ (ಹಿಂದಕ್ಕೆ ಪಲ್ಟಿ ಹೊಡೆದು ಬೀಳೋ ಪಟ್ಟು) ಹಾಕಿ ಒನ್ ಟೂ ಥ್ರೀ. ಅಲ್ಲಿಂದಾನೇ 1-2-3 ಕಿಡ್ ಅಂತ ಹೆಸ್ರು ಬಂದಿದ್ದು. ಜಿಂದರ್‌ಗಿಂತ ದೊಡ್ಡ ಶಾಕ್ ಅದು.

ಈಗ ಗೆದ್ದ ಮೇಲೆ ಏನ್ ಮಾಡಿದ್ರು ನೋಡಿ. ಸೋತ ರೇಜರ್‌ಗೆ ಅವಮಾನ, ಇನ್ನೊಂದು ಮ್ಯಾಚ್ ಆಡು ದುಡ್ಡು ಕೊಡ್ತೀನಿ ಅಂತ ಹುಡುಗನ ಹಿಂದೆ ಬಿದ್ದ, ಕೊನೆಗೆ 10,000 ಡಾಲರ್ ಚೀಲ ರಿಂಗ್‌ಗೆ ತಂದ, ಹುಡುಗ ಆ ಚೀಲ ಎತ್ಕೊಂಡು ಓಡೇ ಹೋದ! ಟೆಡ್ ಡಿಬಿಯಾಸಿ ರೇಜರ್‌ನ ಕಿಂಡಲ್ ಮಾಡೋಕೆ ಶುರು ಮಾಡಿದ, ಒಬ್ಬ ಚಿಳ್ಳೆ ಹುಡುಗನ ಕೈಲಿ ಸೋತ್ಯಲ್ಲೋ ಅಂತ. ಆಮೇಲೆ ಡಿಬಿಯಾಸಿನೂ ಅದೇ ಹುಡುಗನ ಕೈಲಿ ಸೋತ, ರೇಜರ್ ಬಂದು ಗಮನ ಬೇರೆ ಕಡೆ ಎಳೆದಿದ್ದಕ್ಕೆ. ಹಂಗೆ ರೇಜರ್ ಒಳ್ಳೆಯವನಾದ, ಹುಡುಗನ ಗೆಳೆಯ ಆದ, ಸಮ್ಮರ್‌ಸ್ಲ್ಯಾಮ್‌ಗೆ ಎರಡು ಮ್ಯಾಚ್ ಹುಟ್ಟಿದ್ವು. ಸಮ್ಮರ್‌ಸ್ಲ್ಯಾಮ್‌ನಲ್ಲಿ ಕಿಡ್ ಸೋತ ಗೊತ್ತಾ, ಐಆರ್‌ಎಸ್ ಕೈಲಿ. ಏನೂ ಆಗ್ಲಿಲ್ಲ. ಮುಂದಿನ ವರ್ಷ ಜುಲೈನಲ್ಲಿ ಬ್ರೆಟ್ ಹಾರ್ಟ್ ಜೊತೆ ಟೈಟಲ್ ಮ್ಯಾಚ್ ಆಡಿದ, ಸೋತ, ಇವತ್ತಿಗೂ ರಾದ ಒಳ್ಳೇ ಮ್ಯಾಚ್‌ಗಳ ಲಿಸ್ಟಲ್ಲಿ ಅದನ್ನ ಹಾಕ್ತಾರೆ. ಒಂದು ಗೆಲುವು ನಾಲ್ಕು ಜನರ ಕಥೆ ಬದಲಾಯಿಸ್ತು. ಗೆದ್ದವನದ್ದು ಮಾತ್ರ ಅಲ್ಲ, ಸೋತವನದ್ದೂ.

ಈಗ ಬ್ಯಾಕ್‌ಲ್ಯಾಶ್ ಆದ್ಮೇಲೆ ಆರ್ಟನ್‌ಗೆ ಏನಾಯ್ತು? ಏನೂ ಇಲ್ಲ. ಮೂರು ಸಲ ಸೋತ, ಎದ್ದು ಮೈ ಕೊಡವಿ ಬೇರೆ ಫ್ಯೂಡ್‌ಗೆ (ಹಗೆಯ ಕಥೆಗೆ) ಹೋದ, ಮುಖದಲ್ಲಿ ಅದರ ಗುರುತೂ ಇಲ್ಲ. ಜಿಂದರ್ ಕೈಲಿ ಸೋತಿದ್ದಕ್ಕೆ ಯಾರ ಬದುಕೂ ಬದಲಾಗ್ಲಿಲ್ಲ ಅಂದ್ಮೇಲೆ ಜಿಂದರ್ ಗೆಲುವಿಗೆ ಬೆಲೆ ಎಲ್ಲಿಂದ ಬರ್ಬೇಕು. ಎಲ್ರೂ ಚಾಂಪಿಯನ್ ಕಡೆ ನೋಡ್ತಾರೆ, ನಾನ್ ಯಾವಾಗ್ಲೂ ಸೋತವನ ಕಡೆ ನೋಡ್ತೀನಿ, ಮುಂದಿನ ವಾರ ಅವನು ಹೆಂಗೆ ನಡ್ಕೊಂಡು ಬರ್ತಾನೆ ಅಂತ.

ಕೋಫಿ ಕಿಂಗ್‌ಸ್ಟನ್‌ದೂ ಇದೇ ಗತಿ, ತಿರುಗಿಸಿ ನೋಡಿ. ರೆಸಲ್‌ಮೇನಿಯಾ 35ರಲ್ಲಿ ಜನ ಕಣ್ಣೀರು ಹಾಕಿ ನೋಡಿದ ಗೆಲುವು, ಜಿಂದರ್ ತರ ಬೋರ್ ಅಂತ ಯಾರೂ ಅನ್ನೋ ಹಂಗಿಲ್ಲ. 2019ರ ಅಕ್ಟೋಬರ್ 4ಕ್ಕೆ ಲೆಸ್ನರ್ ಹತ್ತು ಸೆಕೆಂಡ್ ಒಳಗೆ ಎಫ್-5 ಅನ್ನೋ ಪಟ್ಟು ಹಾಕಿ ಬೆಲ್ಟ್ ತಗೊಂಡ. ಮುಂದಿನ ವಾರ ಕೋಫಿ ನಗ್ತಾ ಟ್ಯಾಗ್ ಟೀಮ್‌ಗೆ ವಾಪಸ್. ಸಿಟ್ಟಿಲ್ಲ, ರೀಮ್ಯಾಚ್ ಬೇಕು ಅನ್ನೋ ಮಾತಿಲ್ಲ. ಅಷ್ಟು ಪ್ರೀತಿ ಇದ್ದವನನ್ನೇ ಹಂಗೆ ಇಳಿಸಿದ್ರು ಅಂದ್ರೆ ಜಿಂದರ್ ಯಾವ ಲೆಕ್ಕ.

ಗಟ್ಟಿ_ಪಟ್ಟು

ಮೂರ್ತಿ ಅವರ, ಸೋತಾವನ ಕಡೆ ನೋಡ್ಬೇಕು ಅಂದದ್ದು ಖರೇ ಮಾತು. ಕೋಫಿ ಮ್ಯಾಚ್ ಆದ ದಿನ ನನಗ ಊಟ ಸೇರಿದ್ದಿಲ್ಲ.

ಇನ್ನೊಂದು ಯಾರೂ ಹೇಳಿಲ್ಲ, ಮೊಣಕಾಲು. ಜೂನ್ 2019ಕ್ಕ ಟಿವಿ ಇಲ್ಲದ ಒಂದು ಲೈವ್ ಶೋದಾಗ ಜಿಂದರ್‌ನ ಮೊಣಕಾಲಿನ ಸ್ನಾಯುರಜ್ಜು ಹರೀತು, ವರ್ಷದ ಮಟ ಹೊರಗ ಕುಂತ. 2020ರ ಏಪ್ರಿಲ್‌ಗೆ ಬಂದ, ಮತ್ತ ಅದ ಕಾಲು, ಮತ್ತ ಆಪರೇಶನ್. ಹಂಗ ನೋಡಿದ್ರ ಅವನಿಗೆ ಎರಡನೇ ಚಾನ್ಸ್ ಕೊಡ್ಬೇಕು ಅಂದಿದ್ರೂ ಆ ಎರಡು ವರ್ಷ ಅವನ ಕೈಯಾಗ ಇರ್ಲಿಲ್ಲ. ಆದ್ರ 2017ರ ಗೆಲುವು ಗಟ್ಟಿ ಇದ್ದಿದ್ರ ಗಾಯ ಆಗಿ ವಾಪಸ್ ಬಂದಾವ್ನಿಗೆ ಮಂದಿ ಎದ್ದು ನಿಂತು ಚಪ್ಪಾಳಿ ಹೊಡೀತಿದ್ರು. ಇವನು ಬಂದಾಗ ಯಾರಿಗೂ ಇವನು ಹೋಗಿದ್ದ ಅನ್ನೋದ ಗೊತ್ತಿದ್ದಿಲ್ಲ.

ಟಿಕೆಟ್_ಹರಿದವ

ಎದ್ದು ನಿಲ್ಲೋ ಮಾತು ಬಂತಲ್ಲ ಅದಕ್ಕೆ. ಬ್ಯಾಕ್‌ಲ್ಯಾಶ್ 2017 ಆಗಿದ್ದು ಶಿಕಾಗೋ ಪಕ್ಕದ ರೋಸ್‌ಮಾಂಟ್, ಆಲ್‌ಸ್ಟೇಟ್ ಅರೇನಾದಲ್ಲಿ. ಮೂರು ಎಣಿಸಿದಾಗ ಕ್ಯಾಮೆರಾ ಜನರ ಕಡೆ ತಿರುಗ್ತು, ಬಾಯಿ ಬಿಟ್ಕೊಂಡು ತಲೆ ಮೇಲೆ ಕೈ ಇಟ್ಕೊಂಡು ನಿಂತಿದ್ರು. 2018ರ ಜೂನ್‌ನಲ್ಲಿ ಮನಿ ಇನ್ ದ ಬ್ಯಾಂಕ್ ಕೂಡ ಅದೇ ಅರೇನಾ, ಜಿಂದರ್ ವರ್ಸಸ್ ರೋಮನ್ ರೇನ್ಸ್. ಆ ಮ್ಯಾಚ್ ನಡೀತಾ ಇರುವಾಗ ಜನ ರಿಂಗ್ ಕಡೆ ನೋಡೋದು ಬಿಟ್ಟು ತಮ್ಮ ತಮ್ಮಲ್ಲೇ ಬೇರೆ ಏನೇನೋ ಕೂಗ್ತಾ ಕೂತಿದ್ರು. ಬೂ ಹಾಕಿದ್ರೂ ಪರವಾಗಿಲ್ಲ ಅನ್ನಿಸೋ ಪರಿಸ್ಥಿತಿ. ಅವತ್ತೇ ನಂಗೆ ಗೊತ್ತಾಯ್ತು ಇದು ಮುಗೀತು ಅಂತ.

2023ರಲ್ಲಿ ಹೈದರಾಬಾದ್‌ಗೆ ಬಂದ್ರಲ್ಲ, ಸೂಪರ್‌ಸ್ಟಾರ್ ಸ್ಪೆಕ್ಟಾಕಲ್, ಅಲ್ಲಿ ಮೇನ್ ಇವೆಂಟ್ ಯಾರು? ಸೀನಾ ಮತ್ತೆ ಸೆತ್ ರಾಲಿನ್ಸ್ ಒಂದು ಟೀಮ್. ಆರು ವರ್ಷ ಆದ್ಮೇಲೆ ಅವರಿಗೂ ಅರ್ಥ ಆಗಿತ್ತು ಇಲ್ಲಿ ಟಿಕೆಟ್ ಯಾರ ಹೆಸರಿಗೆ ಹರಿಯತ್ತೆ ಅಂತ.

ರಿಂಗ್‌ಸೈಡ್_ರಘು

ಅಬ್ಬಾ ಒಂದು ಪ್ರಶ್ನೆಗೆ ಇಷ್ಟು. ಎಲ್ರಿಗೂ ಥ್ಯಾಂಕ್ಸ್. ಹಂಗಿದ್ರೆ 2024ರ ಜನವರಿ ಏನು ಕಥೆ? ವರ್ಷದ ಮೊದಲ್ನೇ ರಾದಲ್ಲಿ ರಾಕ್ ಬಂದು ಇವನಿಗೆ ಬೈದು ತನ್ನ ಪೀಪಲ್ಸ್ ಎಲ್ಬೋ ಪಟ್ಟು ಹಾಕಿದ, ಎರಡು ವಾರಕ್ಕೆ ರಾಲಿನ್ಸ್ ಜೊತೆ ವರ್ಲ್ಡ್ ಹೆವಿವೇಟ್ ಟೈಟಲ್ ಮ್ಯಾಚ್. ನಾನಂತೂ ಮತ್ತೆ ಪುಷ್ ಬಂತು ಅಂದ್ಕೊಂಡಿದ್ದೆ.

ಮೂನ್‌ಸಾಲ್ಟ್_ಮೂರ್ತಿ

ಪುಷ್ ಎಲ್ಲಿಂದ. ರಾಕ್ ವಾಪಸ್ ಬರೋದಕ್ಕೆ ಮೈಕ್ ಹಿಡ್ಕೊಂಡು ಬೈಸ್ಕೊಳ್ಳೋಕೆ ಒಬ್ಬ ಬೇಕಿತ್ತು. ಅದು ದೊಡ್ಡ ಸುದ್ದಿ ಆಯ್ತು, ಎದುರಾಳಿ ಕಂಪನಿ ಎಇಡಬ್ಲ್ಯೂ ಓನರ್ ಟೋನಿ ಖಾನ್ ಕೂಡ ಎಕ್ಸ್‌ನಲ್ಲಿ ಇವನ ಟೈಟಲ್ ಚಾನ್ಸ್ ಬಗ್ಗೆ ಕೊಂಕು ತೆಗೆದ, ಹಂಗಾಗಿ ಎರಡು ವಾರ ಎಲ್ಲಾ ಕಡೆ ಜಿಂದರ್ ಹೆಸ್ರೇ. ಜನವರಿ 15ರ ಮ್ಯಾಚ್‌ನಲ್ಲಿ ರಾಲಿನ್ಸ್ ಗೆದ್ದ, ಆದ್ರೆ ಅವನ ಮೊಣಕಾಲು ಹೋಯ್ತು, ಮಾರನೇ ದಿನದಿಂದ ಸುದ್ದಿ ಎಲ್ಲಾ ರಾಲಿನ್ಸ್ ಕಾಲಿನ ಮೇಲೆ, ರೆಸಲ್‌ಮೇನಿಯಾಗೆ ರೆಡಿ ಆಗ್ತಾನೋ ಇಲ್ವೋ ಅಂತ. ಜಿಂದರ್‌ನ ಯಾರೂ ಕೇಳ್ಲಿಲ್ಲ. ಮೂರು ತಿಂಗಳಿಗೆ ಕೆಲ್ಸಾನೂ ಹೋಯ್ತು.

ಬೂ_ಹೊಡಿ

ಆ ರಾಲಿನ್ಸ್ ಮ್ಯಾಚ್ ಮಾತ್ರ ಚೆನ್ನಾಗಿತ್ತು. ಅದನ್ನ ಒಪ್ಕೋತೀನಿ. ಚಿನ್‌ಲಾಕ್ ಕಮ್ಮಿ ಇತ್ತು 😄

ಕೆಫೇಬ್_ಕುಮಾರ

ನೋಡಿದ್ಯಾ, ಕೊನೆಗೂ ಬೂ_ಹೊಡಿ ಬಾಯಲ್ಲಿ ಚೆನ್ನಾಗಿತ್ತು ಅನ್ನಿಸಿಬಿಟ್ವಿ. ರಘು, ಟೈಮ್ ಇದ್ರೆ ಮ್ಯಾಂಚೆಸ್ಟರ್ ಮ್ಯಾಚ್ ಇನ್ನೊಂದ್ಸಲ ನೋಡು, ಸ್ಟೈಲ್ಸ್ ಜೊತೆದು. ಆರು ತಿಂಗಳಲ್ಲಿ ಜಿಂದರ್ ಆಡಿದ್ದರಲ್ಲಿ ನಂಗೆ ಅದೇ ಬೆಸ್ಟ್, ಬೆಲ್ಟ್ ಹೋದ ದಿನವೇ.